ರೆಡ್‌ವುಡ್ ಕಾಡಿಗೆ ಒಂದು ದಿನ: ಬುಕಿಂಗ್‌ನಿಂದ ಬುತ್ತಿಯವರೆಗೆ

ಊರಿಂದ ಅಪ್ಪ ಅಮ್ಮ ಬಂದ ಮೊದಲ ವಾರದಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಸ್ಟ್ಯಾನ್‌ಫರ್ಡ್, ಆಮೇಲೆ ‘ಆ ದೊಡ್ಡ ಮರಗಳ ಕಾಡು’. ಮೊದಲ ಮೂರಕ್ಕೆ ಎದ್ದು ಕಾರು ಹತ್ತಿದರೆ ಸಾಕು. ನಾಲ್ಕನೆಯದಕ್ಕೆ ಸಾಲದು. ನಾವು ಮೊದಲ ಸಲ ಹೋದಾಗ ಒಂದು ಶನಿವಾರ ಹತ್ತೂವರೆಗೆ ಮ್ಯೂರ್ ವುಡ್ಸ್ ಅನ್ನುವ ರೆಡ್‌ವುಡ್ ಮರಗಳ ಕಾಡು ತಲುಪಿದೆವು. ಪಾರ್ಕಿಂಗ್ ಬುಕಿಂಗ್ ಎಲ್ಲಿ ಅಂತ ಕೇಳಿದರು. ಇಲ್ಲ ಅಂದೆವು. ಕಾರು ತಿರುಗಿಸಿ ಅಂದರು. ಅವರದೇನೂ ತಪ್ಪಿಲ್ಲ. ವೆಬ್‌ಸೈಟಿನಲ್ಲಿ ದಪ್ಪಕ್ಷರದಲ್ಲಿ ಬರೆದದ್ದನ್ನು ಓದದವನು ನಾನೇ. ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ಮಾಡಿದ್ದ ಚಿತ್ರಾನ್ನವನ್ನು ರಸ್ತೆ ಪಕ್ಕ ಕಾರಿನಲ್ಲೇ ಕೂತು ತಿಂದೆವು.

ಆಮೇಲೆ ಹಲವು ಸಲ ಹೋಗಿದ್ದೇನೆ, ಬೇರೆ ಬೇರೆ ಕಾಡುಗಳಿಗೆ, ಬೇರೆ ಬೇರೆ ವಯಸ್ಸಿನವರ ಜೊತೆ. ಆ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ಕಾಡು ಅಂತ ತೀರ್ಮಾನಿಸಿ

ರೆಡ್‌ವುಡ್ ಅಂದರೆ ಮ್ಯೂರ್ ವುಡ್ಸ್ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕರಾವಳಿಯ ರೆಡ್‌ವುಡ್ ಒರೆಗಾನ್‌ನ ದಕ್ಷಿಣ ತುದಿಯಿಂದ ಬಿಗ್ ಸರ್‌ವರೆಗೆ ಸಮುದ್ರದ ಪಕ್ಕದ ಕಿರಿದಾದ ಪಟ್ಟಿಯಲ್ಲಿ ಬೆಳೆಯುತ್ತದೆ. ಬೇ ಏರಿಯಾ ಇರುವುದು ಆ ಪಟ್ಟಿಯ ಮೇಲೆಯೇ. ಹಾಗಾಗಿ ಮನೆ ಎಲ್ಲಿದೆ, ಜೊತೆಗೆ ಯಾರಿದ್ದಾರೆ ಅನ್ನುವುದನ್ನು ನೋಡಿ ಆರಿಸಿಕೊಳ್ಳಿ.

ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇದ್ದೀರಿ, ಅಥವಾ ನೆಂಟರು ಅಲ್ಲಿನ ಹೋಟೆಲಿನಲ್ಲಿ ಇಳಿದಿದ್ದಾರೆ ಅಂದರೆ ಮ್ಯೂರ್ ವುಡ್ಸ್ ಸರಿ. ಸೇತುವೆ ದಾಟಿದ ಮೇಲೆ ಹನ್ನೆರಡು ಮೈಲಿಯಷ್ಟೇ ದೂರ.

ಸನ್ನಿವೇಲ್, ಸ್ಯಾನ್ ಹೋಸೆ, ಕ್ಯುಪರ್ಟಿನೋ ಕಡೆಯವರಾದರೆ ನನ್ನ ಮಾತು ಕೇಳಿ, ಫೆಲ್ಟನ್ ಊರಿನ ಹೆನ್ರಿ ಕೋವೆಲ್ ಪಾರ್ಕಿಗೆ ಹೋಗಿ. ಎರಡು ಗಂಟೆ ಕಾರಿನಲ್ಲಿ ಕೂತು, ನಗರದ ಟ್ರಾಫಿಕ್ ದಾಟಿ ಉತ್ತರಕ್ಕೆ ಹೋಗುವ ಅಗತ್ಯವಿಲ್ಲ. ಮಂಡಿನೋವಿನ ಹಿರಿಯರಿಗೂ ಅದೇ ಸುಲಭ. ಮರಗಳೂ ಮ್ಯೂರ್ ವುಡ್ಸ್‌ಗಿಂತ ಒಂದು ಕೈ ಎತ್ತರವೇ.

ಓಕ್ಲೆಂಡ್, ಬರ್ಕ್ಲಿ ಕಡೆಯವರಿಗೆ ಮನೆ ಹಿಂದಿನ ಗುಡ್ಡದಲ್ಲೇ ರೈನ್‌ಹಾರ್ಟ್ ರೆಡ್‌ವುಡ್ ಪಾರ್ಕ್ ಇದೆ. ಒಂದು ಕಾಲದಲ್ಲಿ ಅಲ್ಲಿದ್ದ ಮರಗಳು ಎಷ್ಟು ಎತ್ತರವಾಗಿದ್ದವು ಅಂದರೆ, ಕೊಲ್ಲಿಯೊಳಗೆ ಬರುವ ಹಡಗಿನವರು ಅವನ್ನೇ ಗುರುತಾಗಿ ಇಟ್ಟುಕೊಂಡು ನೀರಿನಡಿಯ ಬಂಡೆಯಿಂದ ತಪ್ಪಿಸಿಕೊಳ್ಳುತ್ತಿದ್ದರು. 1860ರ ಹೊತ್ತಿಗೆ ಅಷ್ಟನ್ನೂ ಕಡಿದು ಮಾರಿದರು. ಈಗ ಇರುವುದು ಆ ಬುಡಗಳಿಂದ ಮತ್ತೆ ಚಿಗುರಿದ ಮರಗಳು. ಸಂಜೆ ವಾಕಿಂಗ್‌ಗೆ ಚೆನ್ನಾಗಿದೆ. ಆದರೆ ಊರಿಂದ ಬಂದವರಿಗೆ ‘ದೊಡ್ಡ ಮರ’ ತೋರಿಸಲು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಅಗುಂಬೆ ನೋಡಿದವರು “ಇಷ್ಟೇನಾ?” ಅಂತಾರೆ.

ಇನ್ನೊಂದು, ಬಿಗ್ ಬೇಸಿನ್. ಇದು 1902ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾದ ಮೊದಲ ಸ್ಟೇಟ್ ಪಾರ್ಕ್. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಪಾರ್ಕಿನ 97 ಶೇಕಡಾ ಜಾಗವನ್ನು ಸುಟ್ಟಿತು. ಎರಡು ವರ್ಷದ ಮೇಲೆ ಸ್ವಲ್ಪ ಭಾಗ ತೆರೆದರು. ಹಳೆಯ ರೆಡ್‌ವುಡ್‌ಗಳು ಬಹುಪಾಲು ಬದುಕಿವೆ. ಇದ್ದಿಲಿನ ಹಾಗೆ ಕಪ್ಪಾದ ಕಾಂಡದ ಮೈತುಂಬಾ ಹಸಿರು ಚಿಗುರು ನಿಂತಿದೆ, ಯಾರೋ ಮರಕ್ಕೆ ಸ್ವೆಟರ್ ಹಾಕಿದ ಹಾಗೆ. ನನಗೆ ಬಹಳ ಇಷ್ಟವಾದ ಜಾಗ. ಆದರೆ ನೆರಳು ಕಡಿಮೆ, ಸೌಕರ್ಯ ಕಡಿಮೆ. ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಒಂದು ಮಾತನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ದಾರಿಯುದ್ದಕ್ಕೂ ಕೇಳುತ್ತಾರೆ. ಕಾರು ತೂರಿ ಹೋಗುವ ಮರ ಈ ಯಾವ ಕಾಡಿನಲ್ಲೂ ಇಲ್ಲ. ಅದಕ್ಕೆ ಲೆಗೆಟ್‌ವರೆಗೆ, ಉತ್ತರಕ್ಕೆ ಮೂರು ಗಂಟೆಗೂ ಜಾಸ್ತಿ ಹೋಗಬೇಕು. ಜಗತ್ತಿನಲ್ಲೇ ಎತ್ತರದ ಮರ ಹೈಪೀರಿಯನ್, ಸುಮಾರು 380 ಅಡಿ, ಇನ್ನೂ ದೂರದಲ್ಲಿದೆ. ಅದರ ಹತ್ತಿರ ಹೋಗುವುದನ್ನೇ ನಿಷೇಧಿಸಿದ್ದಾರೆ. ಜನ ತುಳಿದು ತುಳಿದು ಸುತ್ತಲಿನ ಗಿಡಗಳೇ ಹಾಳಾಗಿದ್ದವು.

ಬುಕಿಂಗ್, ದುಡ್ಡು

ಮ್ಯೂರ್ ವುಡ್ಸ್‌ಗೆ 2018ರಿಂದ ಪಾರ್ಕಿಂಗ್ ಬುಕಿಂಗ್ ಕಡ್ಡಾಯ. ವಾರಾಂತ್ಯ ಅಥವಾ ಬೇಸಿಗೆ ರಜೆ ಆದರೆ ಎರಡು ಮೂರು ವಾರ ಮೊದಲೇ ಮಾಡಿ. ಕಾರಿಗೆ ಸುಮಾರು 10 ಡಾಲರ್. ಅರ್ಧ ಗಂಟೆಯ ಸ್ಲಾಟ್ ಕೊಡುತ್ತಾರೆ. ಆ ಅರ್ಧ ಗಂಟೆಯೊಳಗೆ ಒಳಗೆ ಬಂದರಾಯಿತು, ಆಮೇಲೆ ಎಷ್ಟು ಹೊತ್ತು ಇದ್ದರೂ ಯಾರೂ ಕೇಳುವುದಿಲ್ಲ. ಪ್ರವೇಶಕ್ಕೆ ಬೇರೆ ಟಿಕೆಟ್. ದೊಡ್ಡವರಿಗೆ ತಲಾ 15 ಡಾಲರ್, 15 ವರ್ಷದವರೆಗಿನ ಮಕ್ಕಳಿಗೆ ಉಚಿತ. ನ್ಯಾಷನಲ್ ಪಾರ್ಕಿನ ವಾರ್ಷಿಕ ಪಾಸ್ ಇದ್ದರೆ ಪಾಸ್ ಇರುವವರ ಜೊತೆ ಇನ್ನೂ ಮೂವರು ದೊಡ್ಡವರಿಗೆ ಪ್ರವೇಶ ಶುಲ್ಕ ಇಲ್ಲ. ಪಾರ್ಕಿಂಗ್ ದುಡ್ಡು ಮಾತ್ರ ಆಗಲೂ ಕೊಡಲೇಬೇಕು.

ಕಾರಿಲ್ಲದಿದ್ದರೆ ಶಟಲ್ ಬಸ್ ಇದೆ, ಸುಮಾರು ನಾಲ್ಕು ಡಾಲರ್. ಅದಕ್ಕೂ ಬುಕಿಂಗ್ ಬೇಕು. ಎಲ್ಲ ದಿನ ಓಡುವುದಿಲ್ಲ. ಯಾವ ದಿನ, ಎಲ್ಲಿಂದ ಹೊರಡುತ್ತದೆ ಅನ್ನುವುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಬುಕ್ ಮಾಡುವಾಗ ನೋಡಿಕೊಳ್ಳಿ. ಊಬರ್‌ನಲ್ಲಿ ಹೋಗುವ ಯೋಚನೆ ಬೇಡವೇ ಬೇಡ. ಹೋಗುವಾಗೇನೋ ಬಿಡುತ್ತಾರೆ. ವಾಪಸ್ ಬರಲು ಕರೆಯೋಣ ಅಂದರೆ ಆ ಕಣಿವೆಯಲ್ಲಿ ಫೋನ್ ಸಿಗ್ನಲ್ಲೇ ಇಲ್ಲ.

ಸಿಗ್ನಲ್ ವಿಷಯ ಇನ್ನೊಂದು ಸಲ ಹೇಳುತ್ತೇನೆ, ಯಾಕಂದರೆ ಇದರಲ್ಲೇ ಜಾಸ್ತಿ ಜನ ಎಡವುವುದು. ಬುಕಿಂಗ್ ಮಾಡಿದ ಚೀಟಿಯ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಟುಕೊಳ್ಳಿ. ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಎರಡು ಕಾರಿನಲ್ಲಿ ಹೋಗುತ್ತಿದ್ದರೆ “ಅಲ್ಲಿ ಹೋಗಿ ಫೋನ್ ಮಾಡ್ತೀವಿ” ಅನ್ನಬೇಡಿ. ಎಷ್ಟು ಗಂಟೆಗೆ, ಎಲ್ಲಿ ಸೇರುವುದು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ.

ಹೆನ್ರಿ ಕೋವೆಲ್‌ಗೆ ಇಷ್ಟೆಲ್ಲ ಇಲ್ಲ. ಗೇಟಿನಲ್ಲಿ ಕಾರಿಗೆ 10 ಡಾಲರ್ ಕೊಟ್ಟು ಒಳಗೆ ಹೋದರಾಯಿತು, ಕಾರಿನಲ್ಲಿ ಐದು ಜನ ಇದ್ದರೂ ಅಷ್ಟೇ. ಆದರೆ ಅದು ಸ್ಟೇಟ್ ಪಾರ್ಕ್. ನ್ಯಾಷನಲ್ ಪಾರ್ಕಿನ ಪಾಸ್ ಅಲ್ಲಿ ನಡೆಯುವುದಿಲ್ಲ. ಬಿಗ್ ಬೇಸಿನ್‌ಗೆ ಹೋಗುವವರು ಪಾರ್ಕಿಂಗನ್ನು ಮೊದಲೇ ಬುಕ್ ಮಾಡಿ.

ಹಿಂದಿನ ರಾತ್ರಿ

ಸ್ಯಾನ್ ಹೋಸೆಯಲ್ಲಿ ಸುಡುವ ಬಿಸಿಲಿದ್ದರೂ ಸ್ವೆಟರ್ ತೆಗೆದಿಡಿ. ರೆಡ್‌ವುಡ್ ಕಾಡಿನೊಳಗೆ ಬಿಸಿಲು ಬೀಳುವುದೇ ಕಡಿಮೆ. ಮ್ಯೂರ್ ವುಡ್ಸ್‌ನಲ್ಲಿ ಜುಲೈ ಬೆಳಗ್ಗೆಯೂ ಹದಿಮೂರು ಹದಿನಾಲ್ಕು ಡಿಗ್ರಿ ಸೆಲ್ಸಿಯಸ್ ಇರಬಹುದು. ಅಪ್ಪನ ಮಂಕಿ ಕ್ಯಾಪ್ ನೋಡಿ ನಕ್ಕವನು ನಾನು, ಆಮೇಲೆ ಕಿವಿ ಮುಚ್ಚಿಕೊಂಡು ನಡೆದವನೂ ನಾನೇ. ಅಮ್ಮ ಸೀರೆ ಉಡುತ್ತಾರೆ ಅಂದರೆ ತೊಂದರೆ ಇಲ್ಲ, ಮುಖ್ಯ ದಾರಿಯಲ್ಲಿ ಹಲಗೆ ಹಾಸಿದ್ದಾರೆ. ಆದರೆ ಚಪ್ಪಲಿ ಬೇಡ, ಶೂ ಹಾಕಿಸಿ. ಮಂಜಿಗೆ ಹಲಗೆ ಒದ್ದೆಯಾಗಿ ಜಾರುತ್ತದೆ.

ಬುತ್ತಿಗೆ ಚಪಾತಿ, ಒಣ ಪಲ್ಯ, ಮೊಸರನ್ನ ಸಾಕು. ಆದರೆ ಎಲ್ಲಿ ಕೂತು ತಿನ್ನುವುದು ಅನ್ನುವುದು ಬೇರೆ ಕತೆ, ಮುಂದೆ ಹೇಳುತ್ತೇನೆ. ಕಾರಿನಲ್ಲಿ ವಾಂತಿ ಬರುವವರಿದ್ದರೆ ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಚೀಲ ಕೈಗೆ ಸಿಗುವ ಹಾಗೆ ಇಡಿ. ಮ್ಯೂರ್ ವುಡ್ಸ್‌ಗೆ ಇಳಿಯುವ ದಾರಿ ನಮ್ಮ ಘಾಟಿಗಳ ಹಾಗೆಯೇ ಸುತ್ತಿ ಸುತ್ತಿ ಹೋಗುತ್ತದೆ. ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ.

ಹೊರಡುವುದು

ಮ್ಯೂರ್ ವುಡ್ಸ್ ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಸಾಧ್ಯವಾದರೆ 8ರ ಸ್ಲಾಟನ್ನೇ ಹಿಡಿಯಿರಿ. ಹತ್ತು ಗಂಟೆಗೆ ಟೂರ್ ಬಸ್ಸುಗಳು ಬಂದ ಮೇಲೆ ಅದು ಕಾಡಲ್ಲ, ಜಾತ್ರೆ. ಬೆಳಗ್ಗೆ ಆಗುವುದಿಲ್ಲ ಅಂದರೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ನಗರದಿಂದ ಹೆದ್ದಾರಿ 101ರಲ್ಲಿ ಉತ್ತರಕ್ಕೆ ಸೇತುವೆ ದಾಟಿ, ಮಿಲ್ ವ್ಯಾಲಿ ಹತ್ತಿರ ಹೆದ್ದಾರಿ 1ಕ್ಕೆ ತಿರುಗಿ, ಪ್ಯಾನೊರಾಮಿಕ್ ಹೈವೇ ಹತ್ತಿ ಇಳಿಯಬೇಕು. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಫೆಲ್ಟನ್‌ಗಾದರೆ ಹೆದ್ದಾರಿ 17ರಲ್ಲಿ ಸ್ಕಾಟ್ಸ್ ವ್ಯಾಲಿವರೆಗೆ ಹೋಗಿ, ಮೌಂಟ್ ಹರ್ಮನ್ ರೋಡಿಗೆ ತಿರುಗಿ. ಬೇಸಿಗೆಯ ವಾರಾಂತ್ಯದಲ್ಲಿ ಸ್ಯಾಂಟಾ ಕ್ರೂಜ್ ಬೀಚಿಗೆ ಹೊರಟವರೆಲ್ಲ ಇದೇ ರಸ್ತೆಯಲ್ಲಿರುತ್ತಾರೆ. ಒಂಬತ್ತರೊಳಗೆ ಹೊರಟುಬಿಡಿ.

ಕಾಡಿನೊಳಗೆ

ಮ್ಯೂರ್ ವುಡ್ಸ್‌ನಲ್ಲಿ ಬಾಗಿಲ ಹತ್ತಿರವೇ ಟಾಯ್ಲೆಟ್ ಇದೆ. ಎಲ್ಲರೂ ಹೋಗಿ ಬನ್ನಿ, “ನನಗೆ ಬೇಡ” ಅನ್ನುವವರೂ. ಒಳಗೆ ಮತ್ತೆ ಸಿಗುವುದಿಲ್ಲ.

ಮುಖ್ಯ ದಾರಿ ರೆಡ್‌ವುಡ್ ಕ್ರೀಕ್ ಎಂಬ ತೊರೆಯ ಪಕ್ಕದಲ್ಲೇ ಹೋಗುತ್ತದೆ. ತೊರೆಗೆ ನಾಲ್ಕು ಸೇತುವೆಗಳಿವೆ. ನಿಮ್ಮ ಕಾಲಿನ ಶಕ್ತಿ ನೋಡಿ ಯಾವ ಸೇತುವೆಯಲ್ಲಿ ಆ ಕಡೆ ದಾಟಿ ವಾಪಸ್ ಬರುವುದು ಅಂತ ಲೆಕ್ಕ ಹಾಕಿ. ಎರಡನೇ ಸೇತುವೆಯಲ್ಲಿ ತಿರುಗಿದರೆ ಅರ್ಧ ಮೈಲಿ, ಅರ್ಧ ಗಂಟೆ. ಮೂರನೆಯದರಲ್ಲಿ ಒಂದು ಮೈಲಿ, ಒಂದು ಗಂಟೆ. ನಾಲ್ಕನೆಯದು ಎರಡು ಮೈಲಿ, ಒಂದೂವರೆ ಗಂಟೆ. ಮೂರನೆಯದು ನನ್ನ ಆಯ್ಕೆ. ವೀಲ್‌ಚೇರ್, ಮಗುವಿನ ಗಾಡಿ ಎರಡೂ ಅಲ್ಲಿವರೆಗೆ ಸಲೀಸಾಗಿ ಹೋಗುತ್ತವೆ.

ಹೆಚ್ಚಿನವರು ತಲೆ ಎತ್ತಿ ಒಂದು ಫೋಟೋ ತೆಗೆದು, ಇನ್ನೊಂದು ತೆಗೆದು, ಇಪ್ಪತ್ತು ನಿಮಿಷದಲ್ಲಿ “ಎಲ್ಲ ಒಂದೇ ಥರ ಇದೆ” ಅಂತ ವಾಪಸ್ ಹೊರಡುತ್ತಾರೆ. ಅದಕ್ಕೇ ಏನು ನೋಡಬೇಕು ಅಂತ ಮೊದಲೇ ತಿಳಿದಿರಬೇಕು.

ಎತ್ತರದಿಂದಲೇ ಶುರು ಮಾಡಿ. ಮ್ಯೂರ್ ವುಡ್ಸ್‌ನ ಅತಿ ಎತ್ತರದ ಮರ 258 ಅಡಿ. ಸಂಖ್ಯೆ ಹೇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಮೇಲೆ ಗೊಮ್ಮಟನನ್ನು ನಿಲ್ಲಿಸುತ್ತಾ ಹೋಗಿ ಅಂತ ಅಪ್ಪನಿಗೆ ಹೇಳಿದೆ. ನಾಲ್ಕು ಗೊಮ್ಮಟರು ನಿಂತರೂ ಮೇಲೆ ಇನ್ನೂ 26 ಅಡಿ ಮರ ಉಳಿಯುತ್ತದೆ. ಅಪ್ಪ ಆಗ ಕತ್ತು ಎತ್ತಿದವರು ಸುಮಾರು ಹೊತ್ತು ಇಳಿಸಲಿಲ್ಲ. ವಯಸ್ಸೂ ಹಾಗೆಯೇ. ಇಲ್ಲಿನ ಹೆಚ್ಚಿನ ಮರಗಳಿಗೆ 600ರಿಂದ 800 ವರ್ಷ. ಅತಿ ಹಳೆಯದಕ್ಕೆ 1,200 ವರ್ಷವಾದರೂ ಆಗಿದೆ. ನಮ್ಮಲ್ಲಿ ನೃಪತುಂಗ ಆಳುತ್ತಿದ್ದ ಕಾಲದಲ್ಲಿ ಅದು ಎಳೆಯ ಗಿಡ.

ಆಮೇಲೆ ಕೆಳಗೆ ನೋಡಿ. ಕೆಲವು ಕಡೆ ಐದಾರು ಮರಗಳು ವೃತ್ತದಲ್ಲಿ ನಿಂತಿರುತ್ತವೆ, ನಡುವೆ ಖಾಲಿ. ಯಾರೂ ಹಾಗೆ ನೆಟ್ಟದ್ದಲ್ಲ. ಬಾಳೆಯ ಬುಡದಲ್ಲಿ ಕಂದು ಏಳುವುದಿಲ್ಲವೇ, ರೆಡ್‌ವುಡ್ ಕೂಡ ಹಾಗೆಯೇ. ತಾಯಿಮರ ಬೆಂಕಿಗೋ ಗಾಳಿಗೋ ಹೋದಾಗ ಬುಡದ ಸುತ್ತ ಮರಿಗಳು ಏಳುತ್ತವೆ. ತಾಯಿ ಕೊಳೆತು ಮಣ್ಣಾದ ಮೇಲೂ ಮಕ್ಕಳು ಸುತ್ತ ನಿಂತೇ ಇರುತ್ತವೆ. ನಡುವಿನ ಆ ಖಾಲಿ ಜಾಗ ತಾಯಿ ಇದ್ದ ಜಾಗ. ಬೀಜದಿಂದಲೂ ಹುಟ್ಟುತ್ತವೆ ಅನ್ನಿ. ಕಾಯಿ ಒಂದು ಅಡಿಕೆಯಷ್ಟು, ಬೀಜ ಎಳ್ಳಿಗಿಂತ ಒಂಚೂರು ದೊಡ್ಡದಿದ್ದೀತು. ನೋಡಿ ಅಲ್ಲೇ ಬಿಡಿ, ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ.

ತೊಗಟೆ ಗಮನಿಸಿ. ಹಳೆಯ ಮರದಲ್ಲಿ ಅದು ಒಂದು ಅಡಿ ದಪ್ಪ ಇರಬಹುದು, ನಾರುನಾರಾಗಿ. ಬೆಂಕಿಗೆ ಜಗ್ಗದಿರಲು ಅದೇ ಕಾರಣ. ಬುಡದಲ್ಲಿ ಕಪ್ಪಗೆ ಕೋಣೆಯಂತೆ ಟೊಳ್ಳಾದ ಮರಗಳೂ ಕಾಣುತ್ತವೆ, ಅವು ಹಳೆಯ ಬೆಂಕಿಯ ಗಾಯಗಳು. ಹಿಂದೆ ಇಲ್ಲಿಗೆ ಬಂದು ನೆಲೆಸಿದವರು ಇಂಥ ಪೊಟರೆಗಳಲ್ಲಿ ಹೆಬ್ಬಾತುಗಳನ್ನು ಕೂಡುತ್ತಿದ್ದರಂತೆ.

ದಾರಿ ಬಿಟ್ಟು ಇಳಿಯಬೇಡಿ ಅಂತ ಬೋರ್ಡ್ ಹಾಕಿರುವುದಕ್ಕೆ ಕಾರಣ ಬೇರಿನಲ್ಲಿದೆ. ಇಷ್ಟೆತ್ತರದ ಮರಕ್ಕೆ ಬೇರು ಬಹಳ ಆಳಕ್ಕೆ ಹೋಗಿರಬೇಕು ಅಂದುಕೊಳ್ಳುತ್ತೇವೆ. ಹನ್ನೆರಡು ಹದಿಮೂರು ಅಡಿಯೂ ಇಳಿಯುವುದು ಕಷ್ಟ. ಬದಲಿಗೆ ಪಕ್ಕಕ್ಕೆ 60-80 ಅಡಿ ಹರಡಿ, ಅಕ್ಕಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ಮೇಲೆ ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು ಇಳಿಯುವುದಿಲ್ಲ.

ನೀರು ಅಂದೆನಲ್ಲ. ಇಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ. ಸಮುದ್ರದಿಂದ ಬರುವ ಮಂಜು ಎಲೆಗಳಿಗೆ ತಾಗಿ ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಕಾಡಿಗೆ ವರ್ಷದಲ್ಲಿ ಸಿಗುವ ನೀರಿನ ಮೂರನೇ ಒಂದು ಪಾಲು ಹೀಗೇ ಬರುತ್ತದೆ ಅನ್ನುವ ಲೆಕ್ಕವಿದೆ. “ಛೆ, ಮಂಜಿನ ದಿನ ಬಂದೆವಲ್ಲ” ಅಂತ ಬೇಸರ ಬೇಡ. ಈ ಕಾಡನ್ನು ನೋಡಬೇಕಾದ್ದೇ ಮಂಜಿನಲ್ಲಿ.

ಮೂರನೇ ಸೇತುವೆಯ ಆಸುಪಾಸಿನಲ್ಲಿ ಕ್ಯಾಥೆಡ್ರಲ್ ಗ್ರೋವ್ ಸಿಗುತ್ತದೆ. ಇಲ್ಲಿ ಜೋರಾಗಿ ಮಾತಾಡಬಾರದು. ಕೊಡಗಿನ ದೇವರಕಾಡಿಗೆ ಹೋದವರಿಗೆ ಹೇಳುವುದೇ ಬೇಡ, ತಾನಾಗಿ ಸದ್ದು ಇಳಿಯುತ್ತದೆ. 1945ರಲ್ಲಿ ವಿಶ್ವಸಂಸ್ಥೆ ಕಟ್ಟಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೇಶದೇಶಗಳವರು ಸೇರಿದ್ದರು. ಅದಕ್ಕೆ ಸ್ವಲ್ಪ ಮೊದಲು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತೀರಿಕೊಂಡಿದ್ದರು. ಮೇ 19ರಂದು ಪ್ರತಿನಿಧಿಗಳು ಇದೇ ಜಾಗಕ್ಕೆ ಬಂದು ಅವರನ್ನು ನೆನೆದರು. ಅದರ ಫಲಕ ಇದೆ. ಆ ಸಮ್ಮೇಳನದಲ್ಲಿ ಭಾರತದ ನಿಯೋಗಕ್ಕೆ ಮುಖ್ಯಸ್ಥರಾಗಿದ್ದವರು ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು, ಕೊನೆಯ ದಿವಾನರೂ ಅವರೇ. ಮೈಸೂರಿನ ಕಡೆಯ ಹಿರಿಯರ ಜೊತೆ ಹೋಗುತ್ತಿದ್ದರೆ ಇದನ್ನು ಹೇಳಿ ನೋಡಿ, ಅಲ್ಲಿಂದ ಅವರನ್ನು ಎಬ್ಬಿಸುವುದು ಕಷ್ಟವಾಗುತ್ತದೆ.

ಈ ಕಾಡು ಉಳಿದದ್ದೂ ಒಂದು ಜಾಣತನದಿಂದ. 1905ರಲ್ಲಿ ವಿಲಿಯಂ ಕೆಂಟ್, ಎಲಿಜಬೆತ್ ಕೆಂಟ್ ದಂಪತಿ 45,000 ಡಾಲರಿಗೆ ಈ ಜಾಗ ಕೊಂಡರು. ಎರಡು ವರ್ಷದಲ್ಲೇ ನೀರಿನ ಕಂಪನಿಯೊಂದು ಅಣೆಕಟ್ಟು ಕಟ್ಟಲು ಜಾಗ ಬೇಕೆಂದು ಕೋರ್ಟಿಗೆ ಹೋಯಿತು. ಕೆಂಟ್ ಏನು ಮಾಡಿದರು ಗೊತ್ತಾ? ಕಾಡಿನ 295 ಎಕರೆಯನ್ನು ಸರ್ಕಾರಕ್ಕೇ ದಾನ ಕೊಟ್ಟುಬಿಟ್ಟರು. 1908ರ ಜನವರಿ 9ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ಸರ್ಕಾರದ ಜಾಗದ ಮೇಲೆ ಕಂಪನಿಯ ಆಟ ನಡೆಯಲಿಲ್ಲ. ಕೆಂಟ್ ಹೆಸರು ಇಡೋಣ ಅಂದಾಗ ಅವರು ಒಪ್ಪದೆ, ಕಾಡುಗಳ ಪರ ಬರೆದು ಹೋರಾಡಿದ ಜಾನ್ ಮ್ಯೂರ್ ಹೆಸರು ಇಡಿಸಿದರು.

ಒಂದೆರಡು ಎಚ್ಚರಿಕೆ. ಹಳದಿ ಬಣ್ಣದ, ಗೇಣುದ್ದದ ಲೋಳೆಲೋಳೆ ಹುಳು ಕಂಡರೆ ಮಲೆನಾಡಿನವರು ಇಂಬಳ ಅಂತ ಹೌಹಾರುತ್ತಾರೆ. ಅದು ಇಂಬಳವಲ್ಲ, ಬನಾನಾ ಸ್ಲಗ್, ಚಿಪ್ಪಿಲ್ಲದ ಬಸವನಹುಳು. ಕಚ್ಚುವುದಿಲ್ಲ. ಹೆದರಬೇಕಾದದ್ದು ಪಾಯಿಸನ್ ಓಕ್ ಗಿಡಕ್ಕೆ. ಒಂದು ತೊಟ್ಟಿಗೆ ಮೂರು ಎಲೆ, ಶರತ್ಕಾಲದಲ್ಲಿ ಕೆಂಪಾಗುತ್ತದೆ. ಅಂಚಿನ ಬಿಸಿಲು ಬೀಳುವ ಜಾಗಗಳಲ್ಲಿ ಜಾಸ್ತಿ. ಕೇರಿನ ಸೊನೆ ತಗುಲಿ ಮೈಯೆಲ್ಲ ಬೊಬ್ಬೆ ಎದ್ದದ್ದನ್ನು ನೋಡಿದ್ದೀರಲ್ಲ, ಇದೂ ಅದೇ ಕುಟುಂಬದ ಗಿಡ. ಗೊತ್ತಿಲ್ಲದ ಎಲೆ ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳಿಬಿಡಿ.

ಹೆನ್ರಿ ಕೋವೆಲ್‌ನಲ್ಲಿ

ಇಲ್ಲಿ ದಾರಿ ಹುಡುಕುವ ಕೆಲಸವಿಲ್ಲ. ಪಾರ್ಕಿಂಗ್ ಪಕ್ಕದಲ್ಲೇ 0.8 ಮೈಲಿಯ ಸಮತಟ್ಟಾದ ಸುತ್ತು. ನಲವತ್ತು ಎಕರೆಯ ಈ ತೋಪಿಗೆ ಕೊಡಲಿ ಬೀಳಲೇ ಇಲ್ಲ. ಎತ್ತರದ ಮರ ಸುಮಾರು 277 ಅಡಿ. ಒಳಗೆ ಟೊಳ್ಳಾದ ಫ್ರೀಮಾಂಟ್ ಮರದೊಳಗೆ ಮಕ್ಕಳು ನುಗ್ಗಬಹುದು, ದೊಡ್ಡವರು ಬಗ್ಗಿ ಹೋಗಬೇಕು. ಫೋನಿನ ಟಾರ್ಚ್ ಹಾಕಿ ನೋಡಿ.

ಬಿಳಿ ಎಲೆಯ ರೆಡ್‌ವುಡ್ ಕೂಡ ಈ ಪಾರ್ಕಿನಲ್ಲಿದೆ. ಹಸಿರೇ ಇಲ್ಲದ ಎಲೆ, ಸ್ವಂತ ಊಟ ತಯಾರಿಸಿಕೊಳ್ಳಲು ಆಗದು. ಪಕ್ಕದ ಮರದ ಬೇರಿನಿಂದ ಹೀರಿಕೊಂಡು ಬಂದಳಿಕೆಯ ಹಾಗೆ ಬದುಕುತ್ತದೆ. ಪಾರ್ಕಿನವರನ್ನು ಕೇಳಿ, ಕಾಣುವಂತಿದ್ದರೆ ಹೇಳುತ್ತಾರೆ.

ಪಕ್ಕದಲ್ಲೇ ರೋರಿಂಗ್ ಕ್ಯಾಂಪ್ ಇದೆ. ಅಲ್ಲಿಂದ ಹಳೆಯ ಉಗಿಬಂಡಿ ರೆಡ್‌ವುಡ್‌ಗಳ ನಡುವೆ ಬೇರ್ ಮೌಂಟನ್ ಹತ್ತುತ್ತದೆ. ಟಿಕೆಟ್ ಅಗ್ಗವಲ್ಲ. ಆದರೆ ನಡೆಯಲು ಆಗದ ಅಜ್ಜಿ ಇದ್ದರೆ, ಅಥವಾ ಮರ ಅಂದರೆ ಮೂತಿ ತಿರುಗಿಸುವ ಆರು ವರ್ಷದ ಮೊಮ್ಮಗ ಇದ್ದರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಬುತ್ತಿ ಎಲ್ಲಿ ಬಿಚ್ಚುವುದು

ಮ್ಯೂರ್ ವುಡ್ಸ್ ಒಳಗೆ ಕೂತು ಊಟ ಮಾಡುವಂತಿಲ್ಲ. ಬಾಗಿಲ ಹತ್ತಿರ ಒಂದು ಕೆಫೆ ಇದೆ, ಬಿಸಿ ಕಾಫಿಗೆ ಸರಿ. ಬುತ್ತಿಗೆ ಮೂರು ಮೈಲಿ ಕೆಳಗಿನ ಮ್ಯೂರ್ ಬೀಚಿಗೆ ಇಳಿಯಿರಿ. ಅಲ್ಲಿ ಪಿಕ್ನಿಕ್ ಮೇಜುಗಳಿವೆ, ದುಡ್ಡು ಕೊಡಬೇಕಿಲ್ಲ. ಗಾಳಿ ಜೋರು, ಪೇಪರ್ ತಟ್ಟೆ ಹಾರಿಹೋಗುತ್ತದೆ, ಸ್ಟೀಲ್ ಡಬ್ಬಿಯಲ್ಲೇ ಕಟ್ಟಿಕೊಂಡು ಹೋಗಿ. ನೀರಿಗೆ ಇಳಿಯಬೇಡಿ, ಅಲೆ ಒಳಕ್ಕೆ ಎಳೆಯುತ್ತದೆ.

ಹೆನ್ರಿ ಕೋವೆಲ್, ಬಿಗ್ ಬೇಸಿನ್‌ಗಳಲ್ಲಿ ಪಾರ್ಕಿನಲ್ಲೇ ತಿನ್ನಬಹುದು. ಆದರೆ ಒಂದು ಅಗುಳೂ ಕೆಳಗೆ ಬೀಳಬಾರದು. ಇದು ಬರೀ ಸ್ವಚ್ಛತೆಯ ಮಾತಲ್ಲ. ಮಾರ್ಬಲ್ಡ್ ಮರ್ಲೆಟ್ ಅನ್ನುವ ಒಂದು ಸಮುದ್ರದ ಹಕ್ಕಿ ಮೀನು ಹಿಡಿಯುವುದು ಕಡಲಲ್ಲಿ, ಮೊಟ್ಟೆ ಇಡುವುದು ಹಳೆಯ ರೆಡ್‌ವುಡ್‌ನ ಎತ್ತರದ ಕೊಂಬೆಯ ಪಾಚಿಯ ಮೇಲೆ. ಅದರ ಗೂಡು ಎಲ್ಲಿದೆ ಅಂತ ಪಕ್ಷಿ ತಜ್ಞರು ಬಹಳ ಕಾಲ ಹುಡುಕಿದ್ದರು. ಬಿಗ್ ಬೇಸಿನ್‌ನಲ್ಲಿ ಮರ ಹತ್ತಿದವರೊಬ್ಬರಿಗೆ 1974ರಲ್ಲಿ ಸಿಕ್ಕಿತು. ಈಗ ಅದಕ್ಕೆ ಶತ್ರು ನೀಲಿ ಬಣ್ಣದ ಜೇ ಹಕ್ಕಿ. ನಾವು ಚೆಲ್ಲಿದ ಅವಲಕ್ಕಿ, ಮಿಕ್ಸ್ಚರ್ ತಿನ್ನಲು ಜೇಗಳು ಗುಂಪುಗಟ್ಟುತ್ತವೆ. ಹಾಗೇ ಮೇಲೆ ಹೋಗಿ ಮರ್ಲೆಟ್‌ನ ಮೊಟ್ಟೆಯನ್ನೂ ಮುಗಿಸುತ್ತವೆ. ಊಟವಾದ ಮೇಲೆ ಮೇಜು, ಬೆಂಚು, ಮಗುವಿನ ಮಡಿಲು ಎಲ್ಲ ಒರೆಸಿ.

ವಾಪಸ್

ಗೋಲ್ಡನ್ ಗೇಟ್ ಸೇತುವೆಗೆ ನಗರದ ಕಡೆ ಬರುವಾಗ ಮಾತ್ರ ಟೋಲ್. ನಗದು ತೆಗೆದುಕೊಳ್ಳುವವರು ಅಲ್ಲಿ ಯಾರೂ ಇಲ್ಲ, ನಂಬರ್ ಪ್ಲೇಟಿನ ಫೋಟೋ ತೆಗೆದು ಮನೆಗೆ ಬಿಲ್ ಕಳಿಸುತ್ತಾರೆ. ಬಾಡಿಗೆ ಕಾರಾದರೆ ಟೋಲ್ ಜೊತೆ ತಮ್ಮದೂ ಒಂದಿಷ್ಟು ಸೇರಿಸಿ ವಸೂಲಿ ಮಾಡುವ ಕಂಪನಿಗಳಿವೆ. ಸೇತುವೆಯ ವೆಬ್‌ಸೈಟಿನಲ್ಲಿ ನೀವೇ ಕಟ್ಟಿಬಿಡುವುದು ಒಳ್ಳೆಯದು.

ಮನೆಗೆ ಬಂದ ಕೂಡಲೇ ಸೋಫಾ ಮೇಲೆ ಬೀಳಬೇಡಿ. ಕಾಲಿನ ಹಿಂಭಾಗ, ಕುತ್ತಿಗೆ, ಮಕ್ಕಳ ಕೂದಲ ಬುಡದಲ್ಲಿ ಉಣ್ಣೆಹುಳು ಕಚ್ಚಿಕೊಂಡಿದೆಯಾ ನೋಡಿ. ಪಾಯಿಸನ್ ಓಕ್ ತಗುಲಿದ ಅನುಮಾನವಿದ್ದರೆ ತಣ್ಣೀರು, ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಅದರ ಎಣ್ಣೆ ಬಟ್ಟೆಯಲ್ಲಿ ಬಹಳ ದಿನ ಉಳಿಯುತ್ತದೆ, ಪ್ಯಾಂಟನ್ನು ಬೇರೆಯಾಗಿ ಒಗೆಯಲು ಹಾಕಿ. ಶೂ ಲೇಸನ್ನೂ ಮರೆಯಬೇಡಿ. ನಾನು ಮರೆತಿದ್ದೆ. ಮುಂದಿನ ವಾರ ಕೈ ಕೆರೆದುಕೊಂಡೇ ಆಫೀಸಿಗೆ ಹೋಗಿದ್ದೆ.